ದ್ವೀಪದಲ್ಲಿ ಹೇಳಿದ ಹರಕೆ

26 ಫೆಬ್ರವರಿ 1974, ಮಂಗಳವಾರ

ಜಿಂಜ್ ಬಡಾವಣೆಯ ಮೇಡಂನ ಫ್ರಾಕಿಗೆ ಝಿಪ್ ಹಚ್ಚುವ ಕೆಲಸ. ಎರಡು ಸಲ ಬಿಚ್ಚಿ ಹೊಲಿದೆ. ಮನಸ್ಸು ಮೆಷಿನ್ ಮೇಲಿಲ್ಲ.

ನಮ್ಮ ಇವರ ಅಕ್ಕ ಸುಬೈದಾ ಊರಿಂದ ಈ ಕೊಲ್ಲಿ ದೇಶಕ್ಕೆ ಬಂದು ವಾರವಾಯಿತು. ಪೆಟ್ಟಿಗೆಯಲ್ಲಿ ಒಣಮೀನು, ಹಪ್ಪಳ... ಅಡಿಯಲ್ಲಿ ಬಂಟ್ವಾಳದ ಒಬ್ಬ ಹುಡುಗಿಯ ಫೋಟೋ. ತಮ್ಮನಿಗೆ. ನಮ್ಮ ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಹಾಗಾಗಿ ಅವಳು ಇಲ್ಲಿಗೆ ಬರಬೇಕಂತೆ, ನಾನು ಊರಿಗೆ ಹೋಗಬೇಕಂತೆ.

ಇವರು ಫೋಟೋ ನೋಡಿದರು. ಬೇಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕಂಪನಿಯಲ್ಲಿ ಡ್ರೈವರ್. ಮನೆಯಲ್ಲಿ ಮಾತ್ರ ಗಾಡಿ ಸದಾ ನ್ಯೂಟ್ರಲ್!

ಸಲ್ಮಾನಿಯಾ ಆಸ್ಪತ್ರೆಯ ಡಾಕ್ಟರು ಹೋದ ವರ್ಷವೇ ಹೇಳಿದ್ದಾರೆ — ನಿಮ್ಮಲ್ಲಿ ದೋಷವಿಲ್ಲ, ಇನ್ನು ಗಂಡನನ್ನು ಟೆಸ್ಟಿಗೆ ಕಳಿಸಿ. ಇವರಿಗೆ ಗೊತ್ತು. ಅಕ್ಕನಿಗೆ ಹೇಳಿಲ್ಲ. ಇವರ ಮಾನ ಹೋಗಬಾರದೆಂದು ನಾನೂ ಬಾಯಿ ಬಿಟ್ಟಿಲ್ಲ. ಬಂಜೆ ಅನ್ನಿಸಿಕೊಂಡು ಕೂತಿದ್ದೇನೆ. ಸಿಟ್ಟು ನೆತ್ತಿಗೇರುತ್ತದೆ.

28, ಗುರುವಾರ ಸಂಜೆ

ನಾಳೆ ದ್ವೀಪಕ್ಕಂತೆ. ಪಕ್ಕದ ಮನೆಯ ಉಮ್ಮ್ ಹಸನ್ ಹೇಳಿದ್ದು — ನಬಿ ಸಾಲೆಹ್ ದ್ವೀಪದಲ್ಲಿ ಮಖಾಂ ಇದೆ, ಪುಣ್ಯಪುರುಷರ ಗೋರಿ; ಮಕ್ಕಳಿಲ್ಲದವರು ದೋಣಿಯಲ್ಲಿ ಹೋಗಿ ಬೇಡಿಕೊಳ್ಳುತ್ತಾರೆ. ಸುಬೈದಾ ಅತ್ತಿಗೆಗೆ ಅಷ್ಟೇ ಸಾಕಾಯಿತು.

“ಬಾಯಿಬಿಟ್ಟು ಹೇಳ್ಬೇಕು ಹರಕೆ, ಗೊತ್ತುಂಟಲ್ಲ? ಒಳಗೊಳಗೇ ಗುಣುಗುಣು ಮಾಡಿದ್ರೆ ಲೆಕ್ಕಕ್ಕಿಲ್ಲ. ಹೇಳಿದ ಮೇಲೆ ತೀರಿಸ್ಲೇಬೇಕು. ಇಲ್ಲದಿದ್ರೆ ಇಡೀ ಮನೆಗೆ ತಾಗ್ತದೆ.”

ಬರುವುದಿಲ್ಲ ಎಂದೆ.

“ಪಿಕ್‌ನಿಕ್ ಅಂತ ತಿಳ್ಕೊ ಮಾರಾಯ್ತಿ,” ಇವರು.

ಪಿಕ್‌ನಿಕ್!

1 ಮಾರ್ಚ್, ಶುಕ್ರವಾರ

ಹೋಗಿ ಬಂದೆವು.

ಜುಫೈರ್ ದಡದಿಂದ ದೋಣಿ. ನೀರು ಎಷ್ಟು ತಿಳಿ ಎಂದರೆ ತಳದ ಮರಳೂ ಕಾಣುತ್ತಿತ್ತು. ಆಚೆ ಖರ್ಜೂರದ ತೋಟ, ಸಿಹಿನೀರಿನ ಬುಗ್ಗೆ, ಮರದ ಕೆಳಗೆ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಅನ್ನ. ಯಾರದೋ ಹರಕೆ ತೀರಿದೆಯಂತೆ. ಗುರುತಿಲ್ಲದ ಹೆಂಗಸೊಬ್ಬಳು ಕರೆದು ತಟ್ಟೆ ಕೊಟ್ಟಳು. ಹೊಟ್ಟೆ ತುಂಬ ಉಂಡೆ. ಖುಷಿಯೂ ಆಯಿತು, ಸುಳ್ಳೇಕೆ.

ಮಖಾಂ ಒಳಗೆ ಅತ್ತಿಗೆ ಹಸಿರು ಬಟ್ಟೆ ಕಟ್ಟಿದರು. ಗಟ್ಟಿಯಾಗಿ ಬೇಡಿದರು — “ನನ್ನ ತಮ್ಮನಿಗೊಂದು ಮಗು ಆಗ್ಲಿ. ಇವಳಲ್ಲಿ ಆಗದಿದ್ರೆ ಇನ್ನೊಬ್ಬಳಲ್ಲಾದ್ರೂ ಆಗ್ಲಿ.”

ನಾನು ಪಕ್ಕದಲ್ಲೇ ಇದ್ದೇನೆ! ಇವರು ಬಾಗಿಲಲ್ಲಿ ಚಪ್ಪಲಿ ಕಾಯುತ್ತಿದ್ದಾರೆ.

“ಈಗ ನೀನು ಹೇಳು,” ಎಂದರು ಅತ್ತಿಗೆ.

ಹೇಳಿದೆ. ಬಾಗಿಲಿಗೂ ಕೇಳುವ ಹಾಗೆ.

“ಡಾಕ್ಟರು ನನ್ನಲ್ಲಿ ದೋಷ ಇಲ್ಲ ಅಂದಿದ್ದಾರೆ. ನನ್ನ ಗಂಡ ಹುಸೈನಬ್ಬ ಬರುವ ಮಂಗಳವಾರ ಸಲ್ಮಾನಿಯಾ ಆಸ್ಪತ್ರೆಗೆ ಹೋಗಿ ಟೆಸ್ಟ್ ಮಾಡಿಸ್ತಾರೆ. ಇದು ಅವರ ಹೆಸರಲ್ಲಿ ನನ್ನ ಹರಕೆ.”

ಅತ್ತಿಗೆ ನನ್ನತ್ತ ತಿರುಗಿದರು.

“ಎಂತ ಮೈಮೂನ ನೀನು... ಹೇಳಿಯೇ ಬಿಟ್ಟಿಯಾ?”

“ಬಾಯಿಬಿಟ್ಟು ಹೇಳು ಅಂದದ್ದು ನೀವೇ.”

ದೋಣಿಯಲ್ಲಿ ಮೂವರೂ ಮೂರು ದಿಕ್ಕಿಗೆ ಕೂತೆವು. ನನಗೆ ಮಾತ್ರ ಗಾಳಿ ಹಿತವಾಗಿತ್ತು.

3, ಭಾನುವಾರ

ಇವರು ಮಾತು ಬಿಟ್ಟಿದ್ದಾರೆ. ಬಿಡಲಿ. ಮೀನು ಹುರಿದೆ, ನನ್ನ ಪಾಲಿನದು ತಿಂದೆ.

4, ಸೋಮವಾರ

ಹೋಗುವುದಿಲ್ಲವಂತೆ. ಗಂಡಸರಿಗೆಂಥ ಟೆಸ್ಟು, ಅವಳ ಹರಕೆ ಅವಳೇ ತೀರಿಸಲಿ — ನನಗಲ್ಲ, ಅಕ್ಕನಿಗೆ ಹೇಳಿದರು.

ಅತ್ತಿಗೆ ಎದ್ದು ನಿಂತರು. “ನಿನಗೆ ಟೈಫಾಯ್ಡ್ ಬಂದಾಗ ನಿನ್ನ ಹೆಸರಲ್ಲಿ ನಾನು ಹೇಳಿದ ಹರಕೆ ಯಾರು ತೀರಿಸಿದ್ದು? ನೀನೇ ಅಲ್ವಾ? ಮಖಾಂನಲ್ಲಿ ಹೇಳಿ ಆಗಿದೆ. ನೀನು ತಪ್ಪಿಸಿದ್ರೆ ನನ್ನ ಮಕ್ಕಳಿಗೆ ತಾಗ್ತದೆ. ಹೋಗ್ಬೇಕು ನೀನು!”

ಆಮೇಲೆ ನನ್ನ ಕಡೆ ತಿರುಗಿ, “ನಿನ್ನಂಥ ಪೋಕರಿಯನ್ನು ನಾನು ಕಂಡಿಲ್ಲ.”

ನಾಳೆಗೆಂದು ಇವರ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿದ್ದು ಅತ್ತಿಗೆಯೇ.

5, ಮಂಗಳವಾರ. ಬೆಳಿಗ್ಗೆ, ಸಲ್ಮಾನಿಯಾ

ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಅತ್ತಿಗೆ ತಸ್ಬಿಯ ಮಣಿ ಎಣಿಸುತ್ತಿದ್ದಾರೆ. ನರ್ಸ್ ಹೆಸರು ಕರೆದಳು. ಇವರು ಎದ್ದರು. ವಾಚು ಬಿಚ್ಚಿ ನನ್ನ ಮಡಿಲಲ್ಲಿಟ್ಟರು — ಯಾಕೋ. ಶುಕ್ರವಾರದಿಂದ ಮೊದಲ ಮಾತು:

“ನೀನೂ ಬಾ.”

“ಆರು ವರ್ಷ ನಾನು ಒಬ್ಬಳೇ ಹೋಗಿದ್ದೇನೆ.”

“ಬಾಗಿಲವರೆಗೆ ಸಾಕು, ಮೈಮೂನ. ನನಗೆ ಹೆದರಿಕೆ ಆಗ್ತದೆ.”

ಈಗ ಹೇಳುತ್ತಾರೆ! ಇಷ್ಟು ವರ್ಷ ನನಗೆ ಆದದ್ದು ಮತ್ತೇನು? ಏಳುವುದಿಲ್ಲ. ನರ್ಸ್ ಮತ್ತೆ ಕರೆದಳು. ಇವರು ಬಾಗಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದಾರೆ. ನೋಡಲಿ. ಒಂದು ನಿಮಿಷವಾದರೂ ಒಬ್ಬರೇ ನಿಲ್ಲಲಿ, ಆಮೇಲೆ ನಾನು ಏಳುತ್ತೇನೆ, ಬಾಗಿಲವರೆಗೆ.