ಬಾವಿಯ ಮೆಟ್ಟಿಲ ಮೇಲೆ ನಿನ್ನ ಅಜ್ಜಿ

ಕೌಸರ,

ಇದನ್ನು ನೀನು ಓದುವುದಿಲ್ಲ. ನಿನ್ನ ವಿಳಾಸ ಕೇಳುವ ಮುಖ ನನಗಿಲ್ಲ.

ಇಪ್ಪತ್ತಾರು ವರ್ಷ ಕನ್ನಡ ಕಲಿಸಿದ ನಾನು ಈಗ ಗದಗಿನಲ್ಲಿ ಸಂಶೋಧನಾ ಬರವಣಿಗೆ ಕಲಿಯುತ್ತಿದ್ದೇನೆ. ಇವತ್ತು ಮಾರ್ಗದರ್ಶಕಿ ನನ್ನ ಲೇಖನ ಹಿಂದಿರುಗಿಸಿ, "ಮೇಡಂ, ಇದ್ರಾಗ ಎಲ್ಲಾರ ಮಾತೂ ಐತಿ. ನೀವು ಕಂಡಿದ್ದು ಎಲ್ಲೈತ್ರಿ?" ಎಂದಳು.

'ಲಕ್ಕುಂಡಿ ಬಾವಿಯ ಮೆಟ್ಟಿಲ ಮೇಲೆ ಅಜ್ಜಿ ನನಗೊಂದು ಮಾತು ಹೇಳಿದಳು' ಎಂದು ಒಂಬತ್ತನೇ ತರಗತಿಯಲ್ಲಿ ನಿನ್ನ ಪ್ರಬಂಧ ಶುರುವಾಗಿತ್ತು. ನಾನು ಹಲಗೆಯ ಮೇಲೆ ಬರೆದುಕೊಟ್ಟದ್ದು ಅದಲ್ಲವೆಂದು ಕೆಂಪು ಗೆರೆ ಎಳೆದೆ.

"ನಾ ಕಂಡಿದ್ದ ಬರದೇನ್ರಿ, ಟೀಚರ್," ಎಂದೆ ನೀನು.

"ನೀ ಕಂಡಿದ್ದು ಯಾರಿಗೆ ಬೇಕಾಗೇತಿ?"

ಆಮೇಲೆ ನೀನು ಹಲಗೆಯಲ್ಲಿದ್ದುದನ್ನಷ್ಟೇ ಬರೆದೆ. ನಾನು ಪೂರ್ತಿ ಅಂಕ ಕೊಟ್ಟೆ.

ಇವತ್ತು ಸಂಜೆ ಬಸ್ಸು ಹತ್ತಿ ಹೋಗಿ ಆ ಮೆಟ್ಟಿಲ ಮೇಲೆ ಕುಳಿತೆ. ಅಜ್ಜಿ ಹೇಳಿದ ಮಾತು ಯಾವುದೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮುಂದಿನ ಸಾಲನ್ನು ನಾನು ಓದಿರಲೇ ಇಲ್ಲ.