ನಡುಸಾಲಿನ ಸೊಸೆ

ದೇಶನೂರು
ತಾ. ೨೦-೮-೧೯೫೧, ಸೋಮವಾರ

ನನ್ನ ಮಗ ಎರ್ರಣ್ಣನಿಗೆ ನಿನ್ನ ತಾಯಿಯ ತುಂಬು ಹರಕೆ.

ಇವತ್ತು ಶ್ರಾವಣದ ಮೂರನೆಯ ಸೋಮವಾರ, ನನ್ನದು ಒಪ್ಪತ್ತು. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ತಲೆಗೆ ನೀರು ಹಾಕಿಕೊಂಡು, ಈಶ್ವರನ ಗುಡಿಗೆ ಒಂದು ತಂಬಿಗೆ ನೀರು ಎರೆದು ಬಂದು ಕುಳಿತಿದ್ದೇನೆ. ಬಸವಣ್ಣನ ವಾರವಾದ್ದರಿಂದ ಊರಲ್ಲಿ ಯಾರೂ ಎತ್ತು ಹೂಡಿಲ್ಲ, ನಾಟಿಗೂ ಬಿಡುವು. ನಿನಗೆ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುವುದಿಲ್ಲ.

ಮೈ ಹೇಗಿದೆ? ಹತ್ತಿ ಪ್ರೆಸ್ಸಿನ ಧೂಳಿಗೆ ಬಂದ ಕೆಮ್ಮು ಇಳಿಯಿತೋ ಇಲ್ಲವೋ ನೀನು ಬರೆಯಲೇ ಇಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊ ಎಂದರೆ ಜೊತೆಯವರು ನಗುತ್ತಾರೆ ಎನ್ನುತ್ತೀ. ನಗಲಿ ಬಿಡು, ಅವರ ನಗೆಗೋಸ್ಕರ ಎದೆ ಕೆಡಿಸಿಕೊಳ್ಳುವವರು ಯಾರು? ಬಳ್ಳಾರಿಯಲ್ಲಿ ನುಗ್ಗೆಸೊಪ್ಪು ಸಿಕ್ಕರೆ ವಾರಕ್ಕೆ ಎರಡು ಸಲವಾದರೂ ತಿನ್ನು. ನಿಮ್ಮಪ್ಪನಿಗೆ ಮೊಣಕಾಲು ನೋವು ಇದ್ದೇ ಇದೆ, ಆದರೂ ನೀರು ಕಟ್ಟಲು ಹೋಗುವುದನ್ನು ಬಿಟ್ಟಿಲ್ಲ. ನಾನು ಚೆನ್ನಾಗಿದ್ದೇನೆ. ನಾಟಿಯಿಂದ ಸೊಂಟ ಮಾತ್ರ ನನ್ನ ಮಾತು ಕೇಳುತ್ತಿಲ್ಲ.

ನಿನ್ನ ಕಾಗದ ನಾಗರ ಪಂಚಮಿಯ ಹಿಂದಿನ ದಿನ ಕೈಸೇರಿತು. ಆಷಾಢಕ್ಕೆ ತವರಿಗೆ ಹೋದ ಜಡೆಮ್ಮ ಕುರುಗೋಡಿನಲ್ಲೇ ಇರಲಿ, ಕರೆಸಬೇಡಿ, ಕಿವುಡಿಯನ್ನು ಕಟ್ಟಿ ನನಗೆ ಮೋಸ ಮಾಡಿದರು, ಹಚ್ಚೊಳ್ಳಿ ಕಡೆ ಬೇರೆ ಹೆಣ್ಣು ನೋಡು ಎಂದು ಬರೆದಿದ್ದೀ. ನಿಮ್ಮಪ್ಪನಿಗೆ ಓದಿ ಹೇಳಿದೆ. ಅವರು ಬೀಡಿ ಆರಿಸಿ, ಹುಡುಗ ಹೇಳುವುದರಲ್ಲೂ ಸುಳ್ಳಿಲ್ಲ ಎಂದು ಎದ್ದುಹೋದರು. ನಾನು ಉತ್ತರ ಬರೆಯದೆ ಹದಿನಾಲ್ಕು ದಿನ ತಡೆದೆ. ಮಾಡಬೇಕಾದದ್ದನ್ನು ಮೊದಲು ಮಾಡಿ ಆಮೇಲೆ ಬರೆಯೋಣ ಎಂದುಕೊಂಡೆ. ಪಂಚಮಿ ಕಳೆದ ಮೂರನೆಯ ದಿನ ನಾನೇ ಕುರುಗೋಡಿಗೆ ಹೋಗಿ ಜಡೆಮ್ಮನನ್ನು ಕರೆದುಕೊಂಡು ಬಂದೆ. ಸಿಟ್ಟು ಬಂದರೆ ಕಾಗದ ಇಲ್ಲಿಗೇ ಕೆಳಗಿಟ್ಟು, ನೀರು ಕುಡಿದು, ಮತ್ತೆ ತೆಗೆದು ಓದು.

ಮೋಸ ಎಂದೆಯಲ್ಲ, ಹೆಣ್ಣು ನೋಡಲು ಹೋದ ದಿನವನ್ನು ನೆನಪಿಸಿಕೊ. ಎಲ್ಲ ಊರಿನಲ್ಲಿ ಎಲ್ಲರೂ ಕೇಳುವುದು ಅದೇ ನಾಲ್ಕು ಮಾತು, ಅದೇ ಸರದಿಯಲ್ಲಿ. ಹೆಸರೇನು, ಅಪ್ಪನ ಹೆಸರೇನು, ಸಾಲಿ ಎಷ್ಟು ಕಲಿತೀ, ಅಡಿಗೆ ಏನೇನು ಬರುತ್ತದೆ. ಆಮೇಲೆ ನಾಲ್ಕು ಹೆಜ್ಜೆ ನಡೆಸುತ್ತೇವೆ, ಸೂಜಿಗೆ ದಾರ ಪೋಣಿಸಲು ಕೊಡುತ್ತೇವೆ. ಕಾಲು ನೋಡಿದೆವು, ಕಣ್ಣು ನೋಡಿದೆವು. ಕಿವಿ ನೋಡುವ ಪದ್ಧತಿ ನಮ್ಮಲ್ಲಿ ಯಾರಿಗೂ ಇಲ್ಲ. ಆಕೆ ತಲೆ ಬಗ್ಗಿಸಿ ಕುಳಿತಿದ್ದಳು, ನನ್ನ ತುಟಿ ಆಕೆಗೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿದ್ದ ಚಿಕ್ಕವ್ವ ಬೆನ್ನು ಮುಟ್ಟಿದಾಗೊಮ್ಮೆ ಒಂದೊಂದು ಉತ್ತರ ಕೊಟ್ಟಳು, ನಾಲ್ಕಕ್ಕೆ ನಾಲ್ಕೂ ಸರಿಯಾಗಿ. ನಾನು ಅಡಿಗೆ ಮೊದಲು ಕೇಳಿ ಹೆಸರು ಆಮೇಲೆ ಕೇಳಿದ್ದರೆ ಅಂದೇ ಗೊತ್ತಾಗುತ್ತಿತ್ತು. ಈಗ ನೆನೆದರೆ ನನಗೆ ನಗು ಬರುತ್ತದೆ, ನಿನಗೆ ಬರುವುದಿಲ್ಲ, ಗೊತ್ತು.

ಅವರು ಮುಚ್ಚಿಟ್ಟದ್ದು ತಪ್ಪೇ. ನಾವು ಮುಚ್ಚಿಟ್ಟದ್ದು? ಹೊತ್ತು ಮುಳುಗಿದರೆ ನಿನಗೆ ಎದುರಿನ ಕಂಬ ಕಾಣುವುದಿಲ್ಲ ಎಂದು ನಾನು ಬೀಗರಿಗೆ ಹೇಳಲಿಲ್ಲ. ಅಂದು ಉಂಡ ಕೈ ಆರುವ ಮೊದಲೇ ಗಾಡಿ ಹೂಡಿಸಿ ಹೊರಟದ್ದು ಯಾಕೆಂದು ನಿನಗೂ ಗೊತ್ತಿದೆ. ಜಡೆಮ್ಮನಿಗೆ ಬಂದ ವಾರದಲ್ಲೇ ತಿಳಿಯಿತು. ಯಾರೂ ಹೇಳದೆ ಹಿತ್ತಲ ಮೆಟ್ಟಿಲಿಗೆ ದೀಪ ಇಡಲು ಶುರುಮಾಡಿದಳು, ಅದನ್ನು ನೀನು ನೋಡಿದ್ದೀ. ಕುರುಗೋಡಿನಲ್ಲಿ ನಾನು ಬೇಕೆಂದೇ ಆ ಮಾತು ಎತ್ತಿದೆ. ಆಕೆಯ ತಾಯಿಗೆ ನಿನ್ನ ಕಣ್ಣಿನ ಸುದ್ದಿಯೇ ಇಲ್ಲ. ಆಷಾಢ ಪೂರ್ತಿ ತವರಲ್ಲಿ ಕುಳಿತವಳು ಗಂಡನ ಕೊರತೆಯನ್ನು ಹೆತ್ತ ತಾಯಿಗೂ ಹೇಳಿಲ್ಲ. ನೀನಾದರೆ ಆಕೆಯ ಕಿವಿಯ ಸುದ್ದಿಯನ್ನು ಪ್ರೆಸ್ಸಿನ ಗೆಳೆಯರಿಗೆಲ್ಲ ಹೇಳಿಕೊಂಡಿದ್ದೀ ಎಂದು ನಿನ್ನ ಕಾಗದದಲ್ಲೇ ಇದೆ. ದೀಪ ಆರಿಸಿ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ, ಸೊಕ್ಕು ಎಂದು ನನ್ನ ಹತ್ತಿರ ದೂರಿದೆ. ಕತ್ತಲಲ್ಲಿ ಆಕೆ ನಿನ್ನ ತುಟಿ ನೋಡುವುದೆಲ್ಲಿ, ಮಾತು ತಿಳಿಯುವುದೆಲ್ಲಿ?

ಕುರುಗೋಡಿನಲ್ಲಿ ಮನೆತುಂಬ ಹೆಂಗಸರು ಅಳಿಯ ಯಾಕೆ ಬರಲಿಲ್ಲ ಎಂದು ಕೇಳಿದರು. ರಜೆ ಸಿಗಲಿಲ್ಲ ಎಂದೆ. ಹೊರಡುವಾಗ ದೊಡ್ಡ ಬಸಪ್ಪನ ಗುಡಿಗೆ ಹೋಗಿ, ಸುಳ್ಳಾಡಿದ್ದಕ್ಕೆ ತಪ್ಪೊಪ್ಪಿಕೊಂಡು ದೀಪಕ್ಕೆ ಎಣ್ಣೆ ಹಾಕಿದೆ. ಆಕೆಯ ತಾಯಿ ಗಾಡಿಯ ತನಕ ಬಂದು ನನ್ನ ಕೈ ಹಿಡಿದು, ಒಂಬತ್ತನೆಯ ವರ್ಷಕ್ಕೆ ವಿಷಮಶೀತ ಜ್ವರ ಬಂದು ಕಿವಿ ಹೋದದ್ದು, ಅಷ್ಟರಲ್ಲಿ ಮೂರನೆಯ ತರಗತಿ ಮುಗಿಸಿದ್ದು, ಎಲ್ಲ ಅಲ್ಲೇ ನಿಂತು ಹೇಳಿದಳು. ಮೊದಲೇ ಹೇಳಿದ್ದರೆ ನೀವು ಮೆಟ್ಟಿಲು ಹತ್ತುತ್ತಿದ್ದಿರಾ ಎಂದು ಕೇಳಿದಳು. ಹತ್ತುತ್ತಿರಲಿಲ್ಲ ಎಂದೆ. ಇದ್ದದ್ದು ಇದ್ದ ಹಾಗೆ.

ಆಕೆ ಮನೆಗೆ ಮರಳಿದ ಮೊದಲ ನಾಲ್ಕು ದಿನ ನಿಮ್ಮಪ್ಪ ಕೂಗಿ ಕೂಗಿ ಗಂಟಲು ಹರಿದುಕೊಂಡರು. ಕೂಗಿದರೆ ಏನು ಬಂತು, ಕಿವುಡಿನ ಮುಂದೆ ಪಿಸುಮಾತೂ ಒಂದೇ, ಕೂಗೂ ಒಂದೇ. ಆಮೇಲೆ ಅವರೇ ಹಳೆಯ ಗಾಡಿಯ ಉದ್ದನೆಯ ಹಲಗೆಯೊಂದನ್ನು ತಂದು, ಪಡಸಾಲೆಯಿಂದ ಅಡಿಗೆಮನೆಯ ಒಲೆಯ ತನಕ ನೆಲಕ್ಕೆ ಹಾಸಿದರು. ಈ ತುದಿಯಲ್ಲಿ ಹಿಮ್ಮಡಿಯಿಂದ ಎರಡು ಸಲ ಗುದ್ದಿದರೆ ಆ ತುದಿಯಲ್ಲಿ ಆಕೆಗೆ ಕಾಲಿಗೆ ತಿಳಿಯುತ್ತದೆ, ತಿರುಗಿ ನೋಡುತ್ತಾಳೆ. ನಾನು ಕಲಿತದ್ದು ಇಷ್ಟು: ಬೆಳಕಿಗೆ ಮುಖ ಕೊಟ್ಟು ಮಾತಾಡಬೇಕು, ಬಾಯಲ್ಲಿ ಎಲೆಅಡಿಕೆ ಇರಬಾರದು. ಎಲೆಅಡಿಕೆ ಕಡಿಮೆಯಾದದ್ದು ನನ್ನ ಹಲ್ಲಿಗೂ ಒಳ್ಳೆಯದೇ ಆಯಿತು. ಆಕೆಯ ದನಿ ಮಾತ್ರ ಜೋರು, ಆಕೆಗೆ ಅದು ಗೊತ್ತಾಗುವುದಿಲ್ಲ. ಉಪ್ಪು ಎಷ್ಟು ಹಾಕಲಿ ಎಂದು ಕೇಳಿದರೆ ಓಣಿಗೆಲ್ಲ ಕೇಳುತ್ತದೆ. ಆಚೆ ಮನೆಯವರು ಗೋಡೆಯ ಮೇಲಿಂದ, ಪಾರವ್ವಾ, ಪುಂಡಿಪಲ್ಯಕ್ಕ ಉಪ್ಪು ಸಾಕಾತೇನು ಎಂದು ಕೇಳಿ ನಗುತ್ತಾರೆ. ಸಾಕಾಗಿದೆ ಎಂದು ನಾನೂ ಅಷ್ಟೇ ಜೋರಾಗಿ ಹೇಳುತ್ತೇನೆ.

ಇನ್ನು ನಾಟಿಯ ಮಾತು. ನಮ್ಮ ಮುಯ್ಯಿ ನಿನಗೆ ಗೊತ್ತು, ಆರು ಮನೆ, ಮನೆಗೆ ಇಬ್ಬರಂತೆ ಹನ್ನೆರಡು ಹೆಂಗಸರು. ನಾವಿಬ್ಬರು ಅವರ ಗದ್ದೆಗೆ ದುಡಿದರೆ ಅವರು ಹತ್ತು ಜನ ನಮ್ಮ ಗದ್ದೆಗೆ. ನಾನೊಬ್ಬಳೇ ಹೋದರೆ ನಮ್ಮ ಗದ್ದೆಗೆ ಕಡೆಯ ಸರದಿ, ಅಷ್ಟು ಹೊತ್ತಿಗೆ ಸಸಿ ಬಲಿತು ಹೋಗಿರುತ್ತದೆ, ಕಾಲುವೆಯ ನೀರೂ ಬೇರೆಯವರ ಪಾಲಿಗೆ ತಿರುಗಿರುತ್ತದೆ. ಅದಕ್ಕೆ ಜಡೆಮ್ಮ ಬಂದ ಮರುದಿನವೇ ಕರೆದುಕೊಂಡು ಹೋದೆ. ಗುಂಪಿಗೆ ಮುಂದಾಳು ಈಗಲೂ ಕೆಂಚಣ್ಣನ ಹೆಂಡತಿ ಮಾರೆಮ್ಮನೇ. ಅವಳು ಪದ ಎತ್ತುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಒಂದು ಪದ ಮುಗಿಯುವುದರೊಳಗೆ ಕೈಗೆಟುಕುವಷ್ಟು ನೆಟ್ಟಿರಬೇಕು, ಸೊಲ್ಲು ನಿಂತ ಕೂಡಲೇ ಹನ್ನೆರಡೂ ಜನ ಒಟ್ಟಿಗೆ ಹಿಂದಕ್ಕೆ ಹೆಜ್ಜೆ ಕೀಳಬೇಕು. ಎಲ್ಲರ ಮುಖವೂ ಕೆಸರಿಗೆ. ತುಟಿ ನೋಡಿ ಮಾತು ತಿಳಿಯುವವಳಿಗೆ ಅಲ್ಲಿ ನೋಡಲು ಏನಿದೆ?

ಕೆಟ್ಟರೆ ಒಂದೇ ಕಡೆ ಕೆಡಲಿ ಎಂದು ಆಕೆಯನ್ನು ಬದುವಿನ ಪಕ್ಕದ ಅಂಚಿಗೆ ನಿಲ್ಲಿಸಿದೆವು. ನಾನು ಪಕ್ಕದಲ್ಲಿ ನಿಂತು, ಸೊಲ್ಲು ನಿಂತಾಗ ಮೊಣಕೈಯಿಂದ ತಿವಿಯುತ್ತಿದ್ದೆ. ತಿವಿಯುವ ಗಡಿಬಿಡಿಯಲ್ಲಿ ನನ್ನ ಸಸಿ ತೇಲಿದವು, ತಿವಿಸಿಕೊಂಡ ಗಾಬರಿಯಲ್ಲಿ ಅವಳವು ಬಾಗಿದವು. ಸಂಜೆಗೆ ನೋಡಿದರೆ ಅಂಚಿನ ಎರಡು ಸಾಲು ಹಾವು ಹರಿದ ಹಾಗೆ ಇದ್ದವು. ಮಾರೆಮ್ಮ ಕೆಟ್ಟವಳಲ್ಲ, ಆದರೆ ಮುಲಾಜಿನವಳೂ ಅಲ್ಲ. “ಪಾರವ್ವಾ, ನಿನ್ನ ಸೊಸಿ ಕೈ ಚಲೋ ಐತಿ, ಕಿವಿ ಇಲ್ಲ. ನಾಳಿಗೆ ಬದುವಿನ ಮ್ಯಾಲೆ ಕುಂತು ಸಸಿಕಟ್ಟು ಎಸೀಲಿ. ಅದನ್ನ ಮುಯ್ಯಿಗೆ ಹಿಡಿಯಾಕ ಬರಂಗಿಲ್ಲ” ಎಂದಳು. ಸಾಲು ಕೆಟ್ಟದ್ದು ಕಣ್ಣೆದುರಿಗೇ ಇತ್ತು, ಹೂಂ ಎಂದೆ.

ಮರುದಿನ ಜಡೆಮ್ಮ ಮಧ್ಯಾಹ್ನದ ತನಕ ಬದುವಿನ ಮೇಲೆ ಕುಳಿತು ಕಟ್ಟು ಎಸೆದಳು. ಅದು ಮುದುಕಿಯರು ಮಾಡುವ ಕೆಲಸ. ಎಸೆಯುವಾಗ ಆಕೆ ನಮ್ಮ ಕೈ ನೋಡುತ್ತಿರಲಿಲ್ಲ, ನೀರು ನೋಡುತ್ತಿದ್ದಳು. ಬೇಸರಕ್ಕೆ ನೋಡುತ್ತಾಳೆ ಎಂದುಕೊಂಡೆ. ಉಣ್ಣುವ ಹೊತ್ತಿಗೆ ನಾವೆಲ್ಲ ಕುಳಿತಾಗ ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಮಾರೆಮ್ಮನ ಎದುರು ಬಂದು ನಿಂತಳು. ಆ ಜೋರು ದನಿಯಲ್ಲಿ, ಆಚೆ ಗದ್ದೆಯ ಗಂಡಸರಿಗೂ ಕೇಳುವ ಹಾಗೆ ಹೇಳಿದಳು. “ಮಾರೆಕ್ಕಾ, ನನ್ನ ಅಂಚಿಗೆ ನಿಲ್ಲಿಸಬ್ಯಾಡ, ನಡುವ ನಿಲ್ಲಿಸು. ನೀವು ಹೆಜ್ಜಿ ಕಿತ್ತರ ನೀರು ಬಂದು ನನ್ನ ಕಾಲಿಗೆ ಹೇಳ್ತೈತಿ. ಅಂಚಿನ್ಯಾಗ ಅದು ಬದುವಿಗೆ ಬಡದು ತಿರುಗಿ ಬರ್ತೈತಿ. ಯಾವುದು ನಿಮ್ಮದು, ಯಾವುದು ಬದುವಿಂದು, ತಿಳಿಯಂಗಿಲ್ಲ.”

ಎರ್ರಣ್ಣ, ನಾನು ನಲವತ್ತು ವರ್ಷದಿಂದ ಆ ಕೆಸರಿಗೆ ಇಳಿಯುತ್ತಿದ್ದೇನೆ. ಹೆಜ್ಜೆ ಕಿತ್ತಾಗ ನೀರು ಅಲೆ ಹೊಡೆದು ಪಕ್ಕದವಳ ಕಾಲಿಗೆ ಮುಟ್ಟುತ್ತದೆ ಎನ್ನುವುದನ್ನು ಒಂದು ದಿನವೂ ಗಮನಿಸಿರಲಿಲ್ಲ. ಗಮನಿಸುವ ಅಗತ್ಯ ನನಗೆ ಬಂದಿರಲಿಲ್ಲ. ನಾವು ಆಕೆಗೆ ಉಪಕಾರ ಎಂದುಕೊಂಡು ಎಲ್ಲಿ ನಿಲ್ಲಿಸಬಾರದೋ ಅಲ್ಲೇ ನಿಲ್ಲಿಸಿದ್ದೆವು. ನಡುವಿನಲ್ಲಿ ಕೆಡಿಸಿದರೆ ಎರಡೂ ಕಡೆ ಕೆಡುತ್ತದೆ ಎಂದು ಯಾರೋ ಗೊಣಗಿದರು. ಮಾರೆಮ್ಮ ರೊಟ್ಟಿ ನುಂಗಿ ಮುಗಿಯುವ ತನಕ ಯೋಚಿಸಿ, “ಒಂದು ಪದದ ಮಟ್ಟ ನೋಡೂಣು” ಎಂದಳು.

ಮೊದಲ ಪದಕ್ಕೆ ಜಡೆಮ್ಮನ ಹೆಜ್ಜೆ ಅರೆಗಳಿಗೆ ತಡವಾಯಿತು. ಎರಡನೆಯದಕ್ಕೂ ಅಷ್ಟೇ. ಆದರೂ ಮಾರೆಮ್ಮ ಮೂರನೆಯದನ್ನು ಎತ್ತಿದಳು. ಅಲ್ಲಿಂದ ಮುಂದೆ ಆಕೆಯ ಕಾಲು ನಮ್ಮ ಕಾಲಿನ ಜೊತೆಗೇ ಎದ್ದಿತು. ಕೈ ಹೇಗೂ ನಮಗಿಂತ ಚುರುಕು. ಹೊತ್ತು ಇಳಿಯುವಾಗ ಬದುವಿನ ಮೇಲೆ ನಿಂತು ನೋಡಿದರೆ ಹಗ್ಗ ಎಳೆದ ಹಾಗೆ ಸಾಲು. ಮಾರೆಮ್ಮ ಹೊಗಳಲಿಲ್ಲ, ಸಸಿ ಇನ್ನೊಂದು ಬೆರಳು ಆಳಕ್ಕೆ ಹೋಗಲಿ ಎಂದಷ್ಟೇ ಆಕೆಗೆ ಕೈಸನ್ನೆ ಮಾಡಿ ತೋರಿಸಿದಳು. ಆದರೆ ಮೊನ್ನೆ ಶುಕ್ರವಾರ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿ, ಜಡೆಮ್ಮ ಗದ್ದೆಗೆ ತಡವಾಗಿ ಬಂದಳು. ಆಗಲೇ ಎಲ್ಲರೂ ಸಾಲು ನಿಂತಿದ್ದೆವು. ನಡುವೆ ಒಬ್ಬರಷ್ಟು ಜಾಗ ಖಾಲಿ. ಮಾರೆಮ್ಮ ಪದ ಎತ್ತಿರಲಿಲ್ಲ, ಕಾಯುತ್ತಿದ್ದಳು. ನಿನ್ನೆ ನಮ್ಮ ಗದ್ದೆಯ ನಾಟಿಯೂ ಮುಗಿಯಿತು. ನಿಮ್ಮಪ್ಪ ಬದುವಿನ ಉದ್ದಕ್ಕೂ ಕುಂಟುತ್ತ ಎರಡು ಸಲ ಓಡಾಡಿ ನೋಡಿದರು. ಹುಡುಗ ಹೇಳುವುದರಲ್ಲೂ ಸುಳ್ಳಿಲ್ಲ ಎಂಬ ಮಾತನ್ನು ಮತ್ತೆ ಅವರ ಬಾಯಲ್ಲಿ ನಾನು ಕೇಳಿಲ್ಲ.

ಇದನ್ನೆಲ್ಲ ಓದಿ, ಗದ್ದೆಗೆ ಬೇಕಾದ ಕೈಗೋಸ್ಕರ ಅವ್ವ ಸೊಸೆಯ ಪರ ಹಿಡಿದಳು ಎಂದುಕೊಳ್ಳಬೇಡ. ಆಕೆಗೆ ನಾಟಿ ಬಾರದೆ ಹೋಗಿದ್ದರೂ ನಾನು ಕುರುಗೋಡಿನಿಂದ ಕರೆತಂದದ್ದು ಕರೆತಂದದ್ದೇ. ಬೇರೆ ಹೆಣ್ಣು ನಾನು ನೋಡುವುದಿಲ್ಲ, ನೋಡಲು ಹೋಗುವವರ ಜೊತೆ ಮೆಟ್ಟಿಲೂ ಇಳಿಯುವುದಿಲ್ಲ. ಗಂಡ ಹೆಂಡಿರ ಬಾಳುವೆಯನ್ನು ತಾಯಿ ಬಲವಂತದಿಂದ ಕೂಡಿಸಲು ಬರುವುದಿಲ್ಲ, ಅದು ಈಶ್ವರನ ಕೈಯಲ್ಲೂ ನಿನ್ನ ಕೈಯಲ್ಲೂ ಇದೆ. ಈ ಮನೆಯಲ್ಲಿ ಯಾರಿರಬೇಕು ಎನ್ನುವುದು ಮಾತ್ರ ನನ್ನ ಕೈಯಲ್ಲಿದೆ. ಅದನ್ನು ಹೇಳಿದ್ದಾಯಿತು.

ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡು. ಸೋಮವಾರ ಒಂದು ಹೊತ್ತಾದರೂ ದೇವರನ್ನು ನೆನೆ. ನಿನ್ನ ಕೋಣೆಯಲ್ಲಿ ಜೊತೆಗಿರುವವರಿಗೆ ನಮ್ಮ ನಮಸ್ಕಾರ ತಿಳಿಸು. ನಿಮ್ಮಪ್ಪನ ಆಶೀರ್ವಾದ, ಕೇಳಿಯೇ ಬರೆದಿದ್ದೇನೆ. ನೀನು ನೂರು ವರ್ಷ ತಣ್ಣಗೆ ಬಾಳಬೇಕು.

ನಿನ್ನನ್ನು ಹೆತ್ತವಳು,
ಪಾರಮ್ಮ

ಮೇಲೆ ಬರೆಯದೆ ಉಳಿದದ್ದು: ಆಚೆ ಮನೆಯ ಸುಂಕಣ್ಣ ಸಿರುಗುಪ್ಪಕ್ಕೆ ಹೊರಟು ಅಂಗಳದಲ್ಲಿ ನಿಂತಿದ್ದಾನೆ, ಅವನ ಕೈಯಲ್ಲೇ ಇದನ್ನು ಟಪಾಲಿಗೆ ಕೊಡುತ್ತೇನೆ, ಅವಸರದಲ್ಲೇ ಬರೆಯುತ್ತಿದ್ದೇನೆ. ನಿನಗೆ ರಜೆ ಇಲ್ಲ ಎಂದು ಜಡೆಮ್ಮನಿಗೂ ಸುಳ್ಳು ಹೇಳಿದ್ದೆ. ತುಟಿ ನೋಡುವವಳು ಮುಖವನ್ನೂ ನೋಡುತ್ತಾಳೆ, ನಂಬಿರಲಿಲ್ಲ. ಓದು ಬಲ್ಲವಳಿಂದ ಆಕೆಯದೇ ವಿಷಯವನ್ನು ಬಚ್ಚಿಡುವುದು ನನಗೆ ಸರಿ ಕಾಣಲಿಲ್ಲ. ನಿನ್ನೆ ನಾಟಿ ಮುಗಿಸಿ ಬಂದ ಮೇಲೆ ನಿನ್ನ ಕಾಗದವನ್ನು ನಾನೇ ಆಕೆಯ ಕೈಗೆ ಕೊಟ್ಟೆ. ಎರಡು ಸಲ ಓದಿದಳು. ಅಳಲಿಲ್ಲ. ಪಾತ್ರೆ ತೊಳೆದಿಟ್ಟು, ನನ್ನ ಹತ್ತಿರ ಹಾಳೆ, ಸೀಸದಕಡ್ಡಿ ಕೇಳಿ ತೆಗೆದುಕೊಂಡು, ಕಿಟಕಿಯ ಹತ್ತಿರ ಕುಳಿತು ತುಂಬ ಹೊತ್ತು ಬರೆದಳು. ಬರೆದು ಮಡಿಸಿ ದಾರದಿಂದ ಹೊಲಿದಳು. ನನ್ನ ಲಕೋಟೆಯಲ್ಲೇ ಇಡುತ್ತೇನೆ ಕೊಡು ಎಂದರೆ, “ಬ್ಯಾಡ್ರಿ ಅತ್ತಿ. ನನಗ ಹೇಳಬೇಕಾದ್ದನ್ನ ನಿಮಗ ಬರದಾರ. ನನ್ನ ಉತ್ತರ ಬೇಕಿದ್ರ ಅವ್ರೇ ಬಂದು ತಗೊಂಡು ಹೋಗ್ಲಿ” ಎಂದಳು. ಅದರಲ್ಲಿ ನಿನ್ನ ಜೊತೆ ಬಾಳುತ್ತೇನೆ ಎಂದಿದೆಯೋ, ಬಾಳುವುದಿಲ್ಲ ಎಂದಿದೆಯೋ, ನಾನು ಕೇಳಿಲ್ಲ, ಆಕೆ ಹೇಳಿಲ್ಲ. ಇನ್ನೊಬ್ಬರ ಕೈಗೆ ಕೊಡುವುದಿಲ್ಲವಂತೆ. ನೀನೇ ಬಂದು ತೆಗೆದುಕೊಂಡು ಹೋಗು.