ಹೊರಗೆ ಕೂತಿಲ್ಲ

ಜೂನ್ 14, ಶನಿವಾರ

ಪಪ್ಪಾಯಿ ಕಂಡಾಗಲೆಲ್ಲ ಇನ್ನು ನನಗೆ ನಾಚಿಕೆಯಾಗುವುದು ಖಂಡಿತ.

ಇವತ್ತು ಕ್ಲಿನಿಕ್‌ಗೆ ಅರವತ್ತೆರಡು ಜನ ಬಂದಿದ್ದರು. ಬಿಪಿ ನೋಡಿದ್ದು, ರಕ್ತ ತೆಗೆದದ್ದು ಎಲ್ಲ ನಾನೇ. ಒಬ್ಬರಿಗೂ ಎರಡನೇ ಸಲ ಸೂಜಿ ಚುಚ್ಚಬೇಕಾಗಲಿಲ್ಲ. ತರಬೇತಿಗೆ ಸೇರಿ ಮೂರೇ ವಾರ! ಡಾಕ್ಟರ್ ಮೇಡಂ ತೆಲುಗಿನವರು, ಕನ್ನಡದವರು ಬಂದರೆ ನನ್ನನ್ನೇ ಕೂಗುತ್ತಾರೆ. ಮೈಸೂರಿನವಳಿಗೆ ಕನ್ನಡ ಯಾರು ಕಲಿಸಬೇಕು ಎಂದುಕೊಂಡಿದ್ದೆ.

ಮಧ್ಯಾಹ್ನ ಗುರುದೇವಿ ಬಂದಳು. ಲಿಂಗಸುಗೂರು ಕಡೆಯವಳು, ಇಲ್ಲೇ ಮಿಯಾಪುರದಲ್ಲಿ ಕಟ್ಟಡದ ಕೆಲಸ.

"ಹೊಟ್ಟಿ ತೊಳಸಾಕತ್ತೈತ್ರಿ. ಭಾಳ ದಿನ ಆತು, ಹೊರಗ ಕುಂತಿಲ್ರಿ."

ಬಯಲಿಗೆ ಹೋಗುವುದನ್ನೇ ಹಾಗೆ ಹೇಳುತ್ತಿದ್ದಾಳೆ ಎಂದುಕೊಂಡು, ಮಲಬದ್ಧತೆ ಅಂತ ಮೇಡಂಗೆ ತೆಲುಗಿನಲ್ಲಿ ಹೇಳಿಯೇಬಿಟ್ಟೆ. ಅವರು ಮಾತ್ರೆ ಬರೆಯತೊಡಗಿದರು. ಸಾಲದ್ದಕ್ಕೆ ನನ್ನ ಜಾಣತನ ಬೇರೆ: "ದಿನಾ ಪಪ್ಪಾಯಿ ತಿನ್ನಿ, ಸರಿಹೋಗುತ್ತೆ."

ಅವಳು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಹಿಂದೆ ಸರಿದಳು. "ಪಪ್ಪಾಯಿ ಬ್ಯಾಡ್ರಿ ಅಕ್ಕಾ, ನಮಗ ಕೂಸು ಬೇಕ್ರಿ."

ಆಗ ಹೊಳೆಯಿತು. ಮುಟ್ಟಾದವರನ್ನು ನಮ್ಮಜ್ಜಿಯೂ 'ಹೊರಗೆ ಕೂತಿದ್ದಾಳೆ' ಎನ್ನುತ್ತಿದ್ದಳಲ್ಲ! ತಪ್ಪು ನನ್ನದೇ ಎಂದು ಮೇಡಂಗೆ ಕೂಡಲೇ ಹೇಳಿದೆ. ಅವರು ಚೀಟಿ ಹರಿದುಹಾಕಿದರು. ಪರೀಕ್ಷೆ ಮಾಡಿದೆವು, ಎರಡು ಗೆರೆ ಬಂತು. ನಾಳಿದ್ದು ಇಂಥವಳು ಬಂದರೆ ಕೇಳಬೇಕಾದ ಮೊದಲ ಪ್ರಶ್ನೆ ಈಗ ನನಗೆ ಗೊತ್ತು.

ಹೊರಡುವಾಗ ಗುರುದೇವಿ ಮೆಲ್ಲಗೆ ಕೇಳಿದಳು. "ನಿಮ್ಮ ಕಡೆ ಹೊರಗ ಕೂಡೂದಿಲ್ಲೇನ್ರಿ?"

"ಇಲ್ಲ, ಈಗ ಒಳಗೇ ಇರ್ತೀವಿ."

"ಪುಣ್ಯವಂತ್ರು ಬಿಡ್ರಿ," ಅಂದಳು.